ಮಳೆ ನಿಂತ ಮೇಲೆ ಗಾಳ ಹಾಕುವ ಮುನ್ನ: ಹೊಳೆ ಮತ್ತು ಕೆರೆಯ ಹೊಸ ನೀರನ್ನು ಓದುವ ಬಗೆ

ಪಶ್ಚಿಮ ಘಟ್ಟದ ವರಾಹ ಪರ್ವತದಲ್ಲಿ, ಗಂಗಾಮೂಲವೆಂಬ ಒಂದೇ ತಾಣದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಬೇರೆ ಬೇರೆ ದಾರಿ ಹಿಡಿದು ಹರಿದು, ಶಿವಮೊಗ್ಗ ದಾಟಿದ ಮೇಲೆ ಕೂಡಲಿಯಲ್ಲಿ ಒಂದಾಗುತ್ತವೆ. ಆರಿದ್ರಾ ಮಳೆ ಘಟ್ಟದ ಮೇಲೆ ನಾಲ್ಕು ದಿನ ಬಿಡದೆ ಹೊಯ್ದರೆ ಶಿವಮೊಗ್ಗದಲ್ಲಿ ತುಂಗೆ ಕೆಂಪಗೆ ತಿರುಗಿ, ಕೋರ್ಪಲಯ್ಯನ ಛತ್ರದ ಬಳಿಯ ಮಂಟಪದ ಕಂಬಗಳನ್ನು ಏರತೊಡಗುತ್ತದೆ. ಅದೇ ದಿನ, ಇಪ್ಪತ್ತು ಕಿಲೋಮೀಟರಿನಷ್ಟೇ ದೂರದ ಭದ್ರಾವತಿಯಲ್ಲಿ, ಭದ್ರೆ ಏನೂ ಆಗಿಲ್ಲವೆಂಬಂತೆ ತಣ್ಣಗೆ ಹರಿಯುತ್ತಿರುತ್ತದೆ. ಎರಡೂ ನದಿಗಳ ನೆತ್ತಿಯ ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಒಂದೇ ಮಳೆ. ಆದರೆ ತುಂಗೆಗೆ ಗಾಜನೂರಿನಲ್ಲಿರುವ ಅಣೆಕಟ್ಟು ಕೇವಲ 3.24 ಟಿಎಂಸಿ ನೀರು ಹಿಡಿಯಬಲ್ಲದು. ಅದು ಮುಂಗಾರಿನ ಮೊದಲ ವಾರಗಳಲ್ಲೇ ತುಂಬಿ, ಬಂದ ನೀರನ್ನು ಬಂದ ಹಾಗೆಯೇ ಕೆಳಕ್ಕೆ ಬಿಡುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ಕಟ್ಟಿರುವ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಅದರ ಮಟ್ಟ 186 ಅಡಿಯ ಹತ್ತಿರ ಬರುವವರೆಗೆ ಘಟ್ಟದ ಕೆಂಪು ನೀರೆಲ್ಲ ಅಲ್ಲೇ ತಂಗುತ್ತದೆ.

ಭಾರಿ ಮಳೆಯ ಮರುದಿನ ಗಾಳ ಹಿಡಿದು ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ನಿನ್ನೆ ಎಷ್ಟು ಮಳೆಯಾಯಿತು?’ ಎಂಬುದು. ತುಂಗೆ ಮತ್ತು ಭದ್ರೆಯ ಈ ವ್ಯತ್ಯಾಸವನ್ನು ಕಂಡವರಿಗೆ ಆ ಪ್ರಶ್ನೆ ಸಾಲದೆಂಬುದು ತಿಳಿಯುತ್ತದೆ. ನಮ್ಮ ಮುಂದಿರುವ ನೀರು ಎಲ್ಲಿಂದ ಬಂತು, ತನ್ನೊಡನೆ ಏನನ್ನು ಹೊತ್ತು ತಂದಿದೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಈಗ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಮೀನು ಸಿಗುವುದನ್ನೂ ಹಿಡಿಯುವವನ ಜೀವ ಉಳಿಯುವುದನ್ನೂ ನಿರ್ಧರಿಸುತ್ತದೆ. ಏರುವ ನೀರನ್ನು ಬಿಟ್ಟು ಇಳಿಯುವ ನೀರಿಗಾಗಿ ಕಾಯಬೇಕು ಎಂಬುದು ಹೊಳೆಯ ದಡದ ಹಿರಿಯರು ಅನುಭವದಿಂದ ಕಂಡುಕೊಂಡ ನಡವಳಿಕೆ. ಅದರ ಹಿಂದಿನ ಕಾರಣಗಳನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ಬಣ್ಣದಿಂದ ಪ್ರಾರಂಭಿಸೋಣ. ಮಳೆಯ ನೀರು ನೆಲದ ಮೇಲೆ ಹರಿಯುವಾಗ ಮರಳು, ಗೋಡು ಮತ್ತು ಜೇಡಿಮಣ್ಣನ್ನು ಎತ್ತಿಕೊಂಡು ಬರುತ್ತದೆ. ಹರಿವು ತಗ್ಗಿದೊಡನೆ ಮರಳು ಕೆಲವೇ ಕ್ಷಣಗಳಲ್ಲಿ ತಳ ಸೇರುತ್ತದೆ. ಗೋಡಿನ ಕಣಗಳಿಗೆ ಗಂಟೆಗಳು ಬೇಕು. ಜೇಡಿಮಣ್ಣಿನ ಕಣದ ಗಾತ್ರ ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲು, ಅಂದರೆ 2 ಮೈಕ್ರಾನ್, ಎಂದಿಟ್ಟುಕೊಂಡರೆ ಅದು ಅಲುಗದೆ ನಿಂತ ನೀರಿನಲ್ಲೂ ಒಂದು ದಿನಕ್ಕೆ ಸುಮಾರು ಒಂದು ಅಡಿ ಮಾತ್ರ ಕೆಳಗಿಳಿಯುತ್ತದೆ. ಹತ್ತು ಅಡಿ ಆಳದ ಕೆರೆ ಮಳೆ ನಿಂತು ವಾರ ಕಳೆದರೂ ಚಹಾದ ಬಣ್ಣದಲ್ಲೇ ಇರುವುದು ಈ ಕಾರಣಕ್ಕೆ. ಗಾಳಿ ಬೀಸಿ ನೀರು ಅಲುಗಿದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನೀರು ಯಾವ ನೆಲದ ಮೇಲಿಂದ ಬಂತೆಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದಟ್ಟ ಕಾಡಿನಿಂದ ಇಳಿಯುವ ಹಳ್ಳ ಭಾರಿ ಮಳೆಯಲ್ಲೂ ಹೆಚ್ಚು ಕದಡುವುದಿಲ್ಲ, ಕದಡಿದರೂ ಬೇಗ ತಿಳಿಯಾಗುತ್ತದೆ; ತರಗೆಲೆಯ ಹಾಸು ಹನಿಯ ಹೊಡೆತವನ್ನು ತಾನು ತಾಳಿಕೊಂಡು ಮಣ್ಣನ್ನು ಕಾಯುತ್ತದೆ. ಹೊಸದಾಗಿ ಅಗೆದ ಶುಂಠಿ ಹೊಲ, ರಸ್ತೆ ಅಗಲ ಮಾಡಲು ಕಡಿದ ಗುಡ್ಡ ಅಥವಾ ಬರಿಮೈಯ ನೆಡುತೋಪಿನ ಕಡೆಯಿಂದ ಬರುವ ಹಳ್ಳ ಅದೇ ಮಳೆಗೆ ದಿನಗಟ್ಟಲೆ ಕೆಂಪಗೆ ಹರಿಯುತ್ತದೆ. ಮಲೆನಾಡಿನ ಎಷ್ಟೋ ಹಳ್ಳಗಳು ಎರಡನೆಯ ಬಗೆಯವಾಗುತ್ತಿರುವುದು ಮೀನನ್ನು ಪ್ರೀತಿಸುವ ಯಾರನ್ನಾದರೂ ನೋಯಿಸಬೇಕಾದ ಸಂಗತಿ. ಕಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ಆ ಹೂಳು ಮೊಟ್ಟೆಯ ಉಸಿರು ಕಟ್ಟಿಸುವ ಹೊದಿಕೆಯಾಗಿಬಿಡುತ್ತದೆ.

ಕದಡಿದ ನೀರಿನಲ್ಲಿ ಮೀನು ಹಸಿವಿನಿಂದ ಇರುವುದಿಲ್ಲವೆಂದಲ್ಲ. ಅದು ಬೇಟೆಯಾಡುವ ಬಗೆ ಬದಲಾಗುತ್ತದೆ. ಕಣ್ಣನ್ನು ನಂಬಿ ಬೇಟೆಯಾಡುವ ಮೀನುಗಳು, ಉದಾಹರಣೆಗೆ ಕೊರವ, ಗೇಣುದ್ದ ದೂರವೂ ಕಾಣದ ನೀರಿನಲ್ಲಿ ಕೈಕಟ್ಟಿದಂತಾಗಿ ದಡದ ಹುಲ್ಲು, ಜೊಂಡಿನ ಬುಡಕ್ಕೆ ಸರಿಯುತ್ತವೆ. ಮೀಸೆಯುಳ್ಳ ಗಿರ್ಲು, ಮುರುಗೋಡು, ಬಾಳೆಮೀನುಗಳಿಗೆ ರಾಡಿನೀರು ತೊಡಕಲ್ಲ. ಅವುಗಳ ಮೀಸೆಯಲ್ಲೇ ರುಚಿ ಹಿಡಿಯುವ ಶಕ್ತಿಯಿದೆ. ಎಲ್ಲ ಮೀನುಗಳ ಪಕ್ಕೆಯ ಉದ್ದಕ್ಕೂ ನೀರಿನ ಅಲುಗಾಟವನ್ನು ಗ್ರಹಿಸುವ ಒಂದು ಗೆರೆಯಿರುವುದರಿಂದ, ಒದ್ದಾಡುವ ಹುಳುವಿನ ಸುಳಿವು ಕತ್ತಲಲ್ಲೂ ತಲುಪುತ್ತದೆ. ಹೊಸ ನೀರಿನಲ್ಲಿ ಎರೆಹುಳು ಅಷ್ಟು ಚೆನ್ನಾಗಿ ನಡೆಯಲು ವಾಸನೆ, ಅಲುಗಾಟ ಎರಡೂ ಅದರಲ್ಲಿರುವುದು ಒಂದು ಕಾರಣ. ಮಳೆಗೆ ನೆಲದಿಂದೆದ್ದ ಎರೆಹುಳುಗಳೇ ಆ ದಿನಗಳಲ್ಲಿ ಹೊಳೆಗೆ ಕೊಚ್ಚಿ ಬರುವ ಸಹಜ ಆಹಾರವೆಂಬುದು ಇನ್ನೊಂದು. ಗೆಂಡೆಗಳಿಗಾದರೆ ಕಡಲೆಹಿಂಡಿ ಬೆರೆಸಿದ ರಾಗಿಹಿಟ್ಟಿನ ಗಟ್ಟಿ ಉಂಡೆ ಒಳ್ಳೆಯದು. ಆದರೆ ಸೆಳವು ಜೋರಾಗಿದ್ದರೆ ಉಂಡೆ ನಿಮಿಷಗಳಲ್ಲೇ ಕರಗಿಹೋಗುತ್ತದೆ.

ಹೊಳೆ ಮತ್ತು ಕೆರೆ ಬೇರೆಯಾಗುವುದು ಉಸಿರಿನ ವಿಷಯದಲ್ಲಿ. ನೀರಿನಲ್ಲಿ ಕರಗಿರುವ ಆಮ್ಲಜನಕವೇ ಮೀನಿನ ಉಸಿರು. ಶುದ್ಧ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಗೆ ಕಾದಾಗ 7.5 ಮಾತ್ರ. ಘಟ್ಟದಿಂದ ಬಂಡೆಗಳ ಮೇಲೆ ಧುಮ್ಮಿಕ್ಕಿ ಬರುವ ತಂಪು ನೀರು ಗಾಳಿಯೊಡನೆ ಬೆರೆತು ತುಂಬು ಉಸಿರಿನಲ್ಲಿರುತ್ತದೆ. ಆದ್ದರಿಂದ ಮಳೆ ಬಂದ ಹೊಳೆಯಲ್ಲಿ ಮೀನಿಗೆ ತೊಂದರೆಯಿದ್ದರೆ ಅದು ಸೆಳವಿನಿಂದ ಮತ್ತು ಹೂಳಿನಿಂದ, ಉಸಿರುಕಟ್ಟಿ ಅಲ್ಲ.

ಕೆರೆಯ ಕಥೆ ಬೇರೆ. ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಕಾದು ಹಗುರವಾಗಿ ಮೇಲೆಯೇ ನಿಲ್ಲುತ್ತದೆ; ತಳದ ತಂಪು ನೀರು ಕೊಳೆಯುವ ಎಲೆ ಮತ್ತು ಕೆಸರಿನೊಡನೆ ಸೇರಿ ತನ್ನಲ್ಲಿದ್ದ ಆಮ್ಲಜನಕವನ್ನು ಕಳೆದುಕೊಳ್ಳುತ್ತದೆ. ಇಂಥ ಕೆರೆಯ ಮೇಲೆ ಒಮ್ಮೆಲೇ ಗಾಳಿಮಳೆ ಸುರಿದಾಗ ತಂಪಾದ ಮಳೆನೀರು ಭಾರವಾಗಿ ಕೆಳಗಿಳಿಯುತ್ತದೆ, ತಳದ ಉಸಿರಿಲ್ಲದ ನೀರು ಮೇಲೆದ್ದು ಇಡೀ ಕೆರೆಗೆ ಬೆರೆಯುತ್ತದೆ. ಅದರ ಮೇಲೆ ಎರಡು ಮೂರು ದಿನ ಮೋಡ ಕವಿದರೆ ನೀರಿನೊಳಗಿನ ಪಾಚಿ ಬಿಸಿಲಿಲ್ಲದೆ ಆಮ್ಲಜನಕ ತಯಾರಿಸುವುದನ್ನು ಬಹಳ ಕಡಿಮೆ ಮಾಡುತ್ತದೆ, ಉಸಿರಾಡುವುದನ್ನು ಮಾತ್ರ ನಿಲ್ಲಿಸುವುದಿಲ್ಲ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿಯಾಗಿರುವ ಗೆಂಡೆಗಳು ಅದು 3ಕ್ಕಿಂತ ಕೆಳಗಿಳಿದಾಗ ಮೇವು ಬಿಡುತ್ತವೆ; ಇನ್ನೂ ಇಳಿದರೆ ನಸುಕಿನ ಹೊತ್ತಿಗೆ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತ ತೇಲುತ್ತವೆ. ಮೀನು ಮೇಲೆ ಆಡುತ್ತಿದೆ, ಇಂದು ಒಳ್ಳೆಯ ಬೇಟೆ ಎಂದು ಹೊಸಬರು ಸಂತೋಷಪಡುವುದು ಇದೇ ನೋಟವನ್ನು ಕಂಡು. ವಾಸ್ತವದಲ್ಲಿ ಆ ಮೀನುಗಳು ಗಾಳದ ಕಡೆ ತಿರುಗಿಯೂ ನೋಡುವುದಿಲ್ಲ. ಅಂಥ ಬೆಳಿಗ್ಗೆ ಬಲೆ ಬೀಸಿ ಅವನ್ನು ಬಾಚಿಕೊಳ್ಳುವುದು ಸುಲಭ, ಸರಿಯಂತೂ ಅಲ್ಲ. ಮಾಡಬೇಕಾದದ್ದು ಕೆರೆಯ ಗುತ್ತಿಗೆ ಹಿಡಿದವರಿಗೆ ಅಥವಾ ಮೀನುಗಾರಿಕೆ ಇಲಾಖೆಗೆ ಸುದ್ದಿ ಮುಟ್ಟಿಸುವುದು.

ನಗರದ ಕೆರೆಗಳಲ್ಲಿ ಇದಕ್ಕೆ ಒಳಚರಂಡಿಯ ನೀರು ಸೇರುತ್ತದೆ. ಬೇಸಿಗೆಯುದ್ದಕ್ಕೂ ಚರಂಡಿ ಮತ್ತು ರಾಜಕಾಲುವೆಗಳಲ್ಲಿ ಕಟ್ಟಿಕೊಂಡ ಕೊಳೆಯನ್ನು ಮೊದಲ ದೊಡ್ಡ ಮಳೆ ಒಂದೇ ಏಟಿಗೆ ಕೆರೆಗೆ ತಂದು ಸುರಿಯುತ್ತದೆ; ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮೀನಿನ ಪಾಲಿನ ಆಮ್ಲಜನಕವನ್ನು ಬಳಸಿಬಿಡುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ ದೃಶ್ಯ, ಕೊಳಚೆ ಮತ್ತು ಬಿಸಿಲು ಸೇರಿದಾಗ ಕೆರೆಯ ಉಸಿರು ಎಷ್ಟು ಬೇಗ ನಿಲ್ಲುತ್ತದೆಂಬುದನ್ನು ಊರಿಗೆಲ್ಲ ತೋರಿಸಿತು. ಇಂಥ ಕೆರೆಗಳಲ್ಲಿ ಮುಂಗಾರು ಪೂರ್ವದ ಮೊದಲ ಮಳೆಯ ನಂತರ ಸಿಕ್ಕ ಮೀನನ್ನು ಅಡುಗೆಮನೆಗೆ ತರಬಾರದೆಂದೇ ನನ್ನ ಸ್ಪಷ್ಟ ಅಭಿಪ್ರಾಯ.

ಹಳ್ಳಿಯ ಕೆರೆಗೆ ಮಳೆ ಎಷ್ಟು ನೀರು ತರುತ್ತದೆಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಹೆಕ್ಟೇರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್. ಕೆರೆಯ ಮೇಲ್ಭಾಗದ ನೂರು ಹೆಕ್ಟೇರ್ ಇಳಿಜಾರಿನಲ್ಲಿ 50 ಮಿಲಿಮೀಟರ್ ಸುರಿದರೆ 5 ಕೋಟಿ ಲೀಟರ್. ಬೇಸಿಗೆಯಲ್ಲಿ ಒಣಗಿದ ನೆಲ ಅದರ ದೊಡ್ಡ ಪಾಲನ್ನು ಕುಡಿದುಬಿಡುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ನೆಲ ತೊಯ್ದು ತಣಿದಿರುವುದರಿಂದ ಅದೇ 50 ಮಿಲಿಮೀಟರಿನ ಬಹುಪಾಲು ನೇರವಾಗಿ ಕೆರೆಗೆ ಇಳಿಯುತ್ತದೆ. ಹಾಗಾಗಿ ಜೂನ್ ಆರಂಭದ ಭಾರಿ ಮಳೆ ಕೆರೆಯನ್ನು ಬರಿ ಕದಡಿಸಿ ಸುಮ್ಮನಾಗಬಹುದು, ಜುಲೈ ಕೊನೆಯ ಸಾಧಾರಣ ಮಳೆ ಕೋಡಿ ಹರಿಸಬಹುದು.

ಕೆರೆ ತುಂಬುತ್ತಿರುವಾಗ ಮೀನು ಆಳದಲ್ಲಿರುವುದಿಲ್ಲ. ನಿನ್ನೆಯವರೆಗೆ ಒಣನೆಲವಾಗಿದ್ದ ಅಂಗಳದ ಹುಲ್ಲು ಇಂದು ಮೊಣಕಾಲುದ್ದ ನೀರಿನಲ್ಲಿ ಮುಳುಗಿದ್ದರೆ, ಅಲ್ಲಿನ ಹುಳು, ಮಿಡತೆ, ಇರುವೆಗಳಿಗಾಗಿ ಗೆಂಡೆಗಳು ದಡಕ್ಕೇ ಬರುತ್ತವೆ. ಹಳ್ಳ ಬಂದು ಕೆರೆಗೆ ಸೇರುವ ಬಾಯಿಯಲ್ಲಿ ಕೆಂಪು ನೀರು ಮತ್ತು ಹಳೆಯ ನೀರಿನ ನಡುವೆ ಎದ್ದು ಕಾಣುವ ಒಂದು ಗಡಿಯಿರುತ್ತದೆ. ಆ ಗಡಿಯ ತಿಳಿನೀರಿನ ಕಡೆ, ದಡದಿಂದ ಎರಡು ಮೂರು ಮಾರು ದೂರದಲ್ಲಿ ಗಾಳ ಬಿಡುವುದು ಕೆರೆಯ ನಡುವಿಗೆ ಎಸೆಯುವುದಕ್ಕಿಂತ ಮೇಲು. ಮೇಲ್ನೀರಿನಲ್ಲಿ ಮೇಯುವ ಕಟ್ಲ, ನಡುನೀರಿನ ರೋಹು, ತಳ ಕೆದಕುವ ಮೃಗಾಲ್ ಎಂಬ ಎಂದಿನ ವಿಂಗಡಣೆ ಈ ದಿನಗಳಲ್ಲಿ ಸಡಿಲಗೊಳ್ಳುತ್ತದೆ. ಕೋಡಿಯ ಕೆಳಗೆ ನಿಂತು ಕೊಚ್ಚಿಬರುವ ಮೀನನ್ನು ಹಿಡಿಯುವ ಸಂಭ್ರಮ ನಮ್ಮ ಊರುಗಳಲ್ಲಿ ಹಳೆಯದು. ಆದರೆ ಕೋಡಿಯ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಅದರ ಬುಡದಲ್ಲಿ ಪ್ರತಿ ವರ್ಷದ ನೀರು ಕೊರೆದ ಗುಂಡಿಯ ಆಳ ನೊರೆಯ ಕೆಳಗೆ ಕಾಣುವುದಿಲ್ಲ.

ಹೊಳೆಯಲ್ಲಿ ನೀರು ಏರಿ ಇಳಿಯುವುದಕ್ಕೆ ಒಂದು ಕ್ರಮವಿದೆ. ಸಣ್ಣ ಹಳ್ಳದ ಜಲಾನಯನ ಚಿಕ್ಕದಾದ್ದರಿಂದ ಅದು ಮಳೆ ಬಿದ್ದ ಗಂಟೆಗಳಲ್ಲಿ ಏರಿ, ಮಳೆ ಬಿಟ್ಟ ಮರುದಿನವೇ ತಿಳಿಯಾಗತೊಡಗುತ್ತದೆ. ಉಪನದಿಗೆ ಎರಡು ಮೂರು ದಿನ ಬೇಕು. ದೊಡ್ಡ ಹೊಳೆಗೆ ಎಲ್ಲ ಹಳ್ಳಗಳ ಕೊಳೆಯೂ ಒಂದರ ಹಿಂದೊಂದು ಬಂದು ಸೇರುತ್ತಿರುವುದರಿಂದ ಅದು ವಾರವಾದರೂ ಕೆಂಪಗೇ ಇರುತ್ತದೆ. ಈ ಕ್ರಮ ತಿಳಿದವರು ಮಳೆ ನಿಂತ ಮೊದಲ ದಿನಗಳಲ್ಲಿ ದೊಡ್ಡ ಹೊಳೆಯ ದಂಡೆಯಲ್ಲಿ ಹೊತ್ತು ಕಳೆಯದೆ ಹಳ್ಳಗಳ ಕಡೆ ಹೋಗುತ್ತಾರೆ, ಆಮೇಲೆ ನೀರಿನೊಡನೆ ಕೆಳಗಿಳಿದು ಬರುತ್ತಾರೆ.

ಏರುವ ನೀರಿನ ಮೊದಲ ಒಂದೆರಡು ಗಂಟೆ ಮೀನು ಚುರುಕಾಗಿ ಮೇಯುತ್ತದೆಂಬುದು ನಿಜ, ವಿಶೇಷವಾಗಿ ಮೀಸೆಯ ಮೀನುಗಳು. ಆದರೆ ಆ ಹೊತ್ತಿನಲ್ಲಿ ಹೊಳೆ ಎಲ್ಲಿಯವರೆಗೆ ಏರುತ್ತದೆಂಬುದು ದಡದಲ್ಲಿ ನಿಂತವನಿಗೆ ತಿಳಿಯದು. ತುಂಬಿದ ಪ್ರವಾಹದಲ್ಲಿ ಮೀನು ಬಂಡೆಯ ಮರೆ, ಮರದ ಬೇರಿನ ಸಂದು, ದಡ ಒಳಸರಿದ ಕಡೆಯ ನಿಂತ ನೀರು, ಹೀಗೆ ಸೆಳವು ತಾಗದ ಕಡೆ ಶಕ್ತಿ ಉಳಿಸಿಕೊಂಡು ಕಾಯುತ್ತದೆ. ಗಾಳಕ್ಕೆ ಕಸಕಡ್ಡಿ ಬಿಟ್ಟು ಬೇರೇನೂ ಸಿಗುವುದಿಲ್ಲ. ನೀರು ಇಳಿಯತೊಡಗಿ, ಕೆಂಪು ಮಾಸಿ ಹಸಿರು ಛಾಯೆ ಮೂಡಿದಾಗ ಹಸಿದ ಮೀನುಗಳು ಆ ಮರೆಗಳಿಂದ ಹೊರಬಂದು ಮಡುವಿನ ತುದಿಗಳಲ್ಲಿ, ಹಳ್ಳ ಸೇರುವ ಬಾಯಿಗಳಲ್ಲಿ ಮೇಯುತ್ತವೆ. ಅದೇ ಕಾಯುವಿಕೆಯ ಫಲ.

ಏರಿಳಿತ ತಿಳಿಯಲು ಯಂತ್ರ ಬೇಕಿಲ್ಲ. ದಡದಲ್ಲಿ ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಅರ್ಧ ಗಂಟೆ ನೋಡಿದರೆ ಸಾಕು. ಇಳಿಯುವ ಹೊಳೆ ದಡದ ಮಣ್ಣಿನಲ್ಲಿ ಒದ್ದೆಯ ಪಟ್ಟಿಯನ್ನೂ ಕಸದ ಸಾಲನ್ನೂ ಬಿಟ್ಟು ಹೋಗುತ್ತದೆ. ಏರುವ ಹೊಳೆಯಲ್ಲಿ ನೊರೆ, ಒಣ ಎಲೆ, ತೆಂಗಿನ ಮಟ್ಟೆಗಳು ನಡುವಿನಲ್ಲೇ ತೇಲಿ ಬರುತ್ತವೆ. ನೀರಿನ ತಿಳಿಯನ್ನು ಅಳೆಯಲು ಸ್ಟೀಲ್ ತಟ್ಟೆಯೊಂದನ್ನು ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಅರ್ಧ ಗೇಣಿನೊಳಗೇ ತಟ್ಟೆ ಮರೆಯಾದರೆ ಮೀಸೆಯ ಮೀನಿಗೆ ಮಾತ್ರ ಗಾಳ. ಒಂದೂವರೆ ಗೇಣಿನವರೆಗೆ ಕಂಡರೆ ಗೆಂಡೆಯನ್ನೂ ನಿರೀಕ್ಷಿಸಬಹುದು. ತುಂಗೆಯ ಉದ್ದಕ್ಕೂ ಜನರು ಕಣ್ಣಳತೆಗೆ ಬಳಸುವ ಗುರುತುಗಳೂ ಇವೆ: ಶೃಂಗೇರಿಯಲ್ಲಿ ಹೊಳೆಯಂಚಿನ ಕಪ್ಪೆ ಶಂಕರ ಗುಡಿ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಶಿವಮೊಗ್ಗದಲ್ಲಿ ಆ ಛತ್ರದ ಮಂಟಪ. ಕಪ್ಪೆ ಶಂಕರ ಮುಳುಗಿದ ಸುದ್ದಿ ಬಂದರೆ ಕೆಳಗಿನ ಊರುಗಳಲ್ಲಿ ಬಿಸಿಲಿದ್ದರೂ ಹೊಳೆಗಿಳಿಯಬಾರದು.

ವಾಯುಭಾರ ಕುಸಿದಾಗ ಮೀನು ಮೇಯುತ್ತದೆ ಅಥವಾ ಮೇಯುವುದಿಲ್ಲ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಮಳೆಮೋಡ ಕವಿದಾಗ ವಾಯುಭಾರದಲ್ಲಿ ಆಗುವ ಬದಲಾವಣೆ ಸಾಮಾನ್ಯವಾಗಿ ಕೆಲವೇ ಮಿಲಿಬಾರ್. ನೀರಿನಲ್ಲಿ ಒಂದು ಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 100 ಮಿಲಿಬಾರ್ ಹೆಚ್ಚುತ್ತದೆ. ಅಂದರೆ ಮೀನು ಒಂದು ಗೇಣು ಮೇಲೆ ಕೆಳಗೆ ಸರಿದರೆ ಆ ಬದಲಾವಣೆಗಿಂತ ದೊಡ್ಡ ಬದಲಾವಣೆಯನ್ನು ತಾನೇ ಅನುಭವಿಸಿರುತ್ತದೆ. ಬೆಳಕು, ತಂಪು ಮತ್ತು ಹರಿವು ಇವುಗಳನ್ನು ಬಿಟ್ಟು ವಾಯುಭಾರವನ್ನು ಹಿಡಿದು ಕೂರುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ಇನ್ನು ಹತ್ತುಮೀನಿನ, ಅಂದರೆ ಹೊಸ ನೀರಿಗೆ ಮೇಲೆ ಹತ್ತಿ ಬರುವ ಮೀನಿನ ವಿಚಾರ. ಜೂನ್ 7 ಅಥವಾ 8ರ ಸುಮಾರಿಗೆ ಹುಟ್ಟುವ ಮೃಗಶಿರಾ ಮಳೆ ಮಲೆನಾಡಿನಲ್ಲಿ ಜೋರಾಗಿ ಹಿಡಿದ ರಾತ್ರಿ, ಹೊಳೆಯ ಮೀನುಗಳು ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತಿ ಬರುತ್ತವೆ. ಬೆಳಕು ಹಿಡಿದು, ಕತ್ತಿ ಹಿಡಿದು, ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡಿ ಆ ಮೀನನ್ನು ಹಿಡಿಯುವುದು ಇಲ್ಲಿನ ಎಷ್ಟೋ ಮನೆಗಳಿಗೆ ವರ್ಷದ ಮೊದಲ ಹಬ್ಬವಿದ್ದಂತೆ. ಅವು ಹತ್ತುವುದಕ್ಕೆ ಕಾರಣ ಮೊಟ್ಟೆ. ನೀರು ತಂಪಾಗುವುದು, ಅದರಲ್ಲಿನ ಲವಣಾಂಶ ತೆಳುವಾಗುವುದು, ಹರಿವು ಹೆಚ್ಚುವುದು, ಹೊಸ ಮಣ್ಣಿನ ವಾಸನೆ, ಇವೆಲ್ಲ ಸೇರಿ ಬಸಿರ ಮೀನಿಗೆ ಕಾಲ ಕೂಡಿಬಂದ ಸೂಚನೆ ಕೊಡುತ್ತವೆ. ನೀರು ನಿಂತ ಗದ್ದೆಯಲ್ಲಿ ಸೆಳವಿಲ್ಲ, ದೊಡ್ಡ ಮೀನುಗಳ ಕಾಟ ಕಡಿಮೆ, ಮರಿಗಳಿಗೆ ಬೇಕಾದ ಸೂಕ್ಷ್ಮ ಜೀವಿಗಳು ದಂಡಿಯಾಗಿವೆ. ಹೊಳೆಯ ಪ್ರವಾಹದಲ್ಲಿ ಇದ್ಯಾವುದೂ ಸಿಗದು. ಮಳೆ ತಗ್ಗಿ ಗದ್ದೆಯ ನೀರು ಬಸಿಯುವ ಹೊತ್ತಿಗೆ ಮರಿಗಳು ಅದೇ ದಾರಿಯಲ್ಲಿ ಹೊಳೆಗೆ ಮರಳುತ್ತವೆ.

ಗೆಂಡೆ ಜಾತಿಯ ಒಂದು ಕಿಲೋ ತೂಗುವ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳಿರುತ್ತವೆ. ಮೊಟ್ಟೆಯಿಡುವ ಮುನ್ನ ಅದನ್ನು ತೋಡಿನಲ್ಲಿ ಕಡಿದರೆ ಹೋಗುವುದು ಒಂದು ಮೀನಲ್ಲ. ಹಿಂದೆ ಗದ್ದೆಗಳು ಹೆಚ್ಚಿದ್ದು ಹಿಡಿಯುವ ಕೈಗಳು ಕಡಿಮೆಯಿದ್ದಾಗ ಹೊಳೆ ಅದನ್ನು ತಾಳಿಕೊಂಡಿತು. ಈಗ ಗದ್ದೆಗಳು ಅಡಿಕೆ ತೋಟಗಳಾಗಿವೆ, ತೋಡುಗಳಿಗೆ ಕಾಂಕ್ರೀಟ್ ಬಿದ್ದಿದೆ, ಪ್ರಖರ ಟಾರ್ಚುಗಳು ಎಲ್ಲರ ಕೈಯಲ್ಲಿವೆ. ಸಂತಾನದ ಈ ದಿನಗಳಲ್ಲಿ ಮೀನು ಹಿಡಿಯಬಾರದೆಂಬ ಸೂಚನೆಯನ್ನು ನಾವು ಅಧಿಕಾರಿಗಳ ಕಿರುಕುಳವೆಂದು ನೋಡದೆ ಹೊಳೆಯ ಮೇಲಿನ ಅಕ್ಕರೆಯಿಂದ ಪಾಲಿಸಬೇಕು. ಹಿಡಿಯಲೇಬೇಕೆನ್ನುವವರು ಮೊದಲ ಮಳೆಯನ್ನು ಬಿಟ್ಟು, ಮೊಟ್ಟೆಯಿಟ್ಟು ಮರಳುವ ಮೀನಿಗಾಗಿ ಕಾಯಲಿ. ಶೃಂಗೇರಿ ಮತ್ತು ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮಗಳಲ್ಲಂತೂ ಯಾವ ಕಾಲದಲ್ಲೂ ಗಾಳ ಹಾಕುವಂತಿಲ್ಲ. ಉಳಿದ ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಯಲ್ಲೋ ಪರವಾನಗಿಯಲ್ಲೋ ಇರುವುದರಿಂದ ಮೊದಲು ಕೇಳಿ ತಿಳಿಯುವುದು ಕ್ರಮ.

ಮಳೆಯೇ ಇಲ್ಲದೆ ಹೊಳೆ ಏರುವುದೂ ಉಂಟು. ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ ಭದ್ರಾ ಜಲಾಶಯ ತುಂಬುತ್ತ ಬಂದಾಗ ಒಂದು ಬೆಳಿಗ್ಗೆ ಗೇಟು ತೆರೆದರೆ, ಅದುವರೆಗೆ ಸಾಧುವಾಗಿದ್ದ ನದಿ ಸ್ವಲ್ಪ ಹೊತ್ತಿನಲ್ಲೇ ಬೇರೆಯಾಗುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆಂದರೆ ಸೆಕೆಂಡಿಗೆ ಎರಡು ಲಕ್ಷ ಎಂಬತ್ತು ಸಾವಿರ ಲೀಟರ್ ಎಂದು ಅರ್ಥಮಾಡಿಕೊಳ್ಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆ ನೀರು ಬಂದದ್ದು ಮಳೆಯಿಂದಲ್ಲ. ಅಣೆಕಟ್ಟಿನ ಕೆಳಗೆ ಮೀನು ಹಿಡಿಯುವವರು ಆ ದಿನದ ಒಳಹರಿವು, ಹೊರಹರಿವುಗಳನ್ನು ನೋಡಿಕೊಂಡೇ ಹೊರಡಬೇಕು; ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಮಟ್ಟವನ್ನೂ ಮಳೆಯ ಪ್ರಮಾಣವನ್ನೂ ದಿನವೂ ಪ್ರಕಟಿಸುತ್ತದೆ. ಹವಾಮಾನ ಇಲಾಖೆಯ ಭಾಷೆಯಲ್ಲಿ ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ಅಥವಾ ಹೆಚ್ಚಾದರೆ ಅತ್ಯಂತ ಭಾರಿ ಮಳೆ. ನಮ್ಮೂರಿನ ಅಂಕಿಗಿಂತ ಹೊಳೆಯ ಮೂಲದ ಕಡೆಯ ಊರಿನ ಅಂಕಿ ಮುಖ್ಯ.

ಸೆಳವಿನ ಬಲವನ್ನು ಜನರು ಕಡಿಮೆ ಅಂದಾಜು ಮಾಡುತ್ತಾರೆ. ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ದಾಟಿದ ಮೊಣಕಾಲುದ್ದ ನೀರು ಮಳೆಗಾಲದಲ್ಲಿ ಗಟ್ಟಿ ಆಳನ್ನೂ ಕೆಡವುವುದು ಈ ಲೆಕ್ಕದಿಂದ. ದಡದ ಅಂಚಿನಲ್ಲಿ ನಿಲ್ಲುವುದೂ ಕ್ಷೇಮವಲ್ಲ. ನೀರು ಇಳಿಯುವಾಗ ನೆನೆದ ದಡ ತನ್ನನ್ನು ಒತ್ತಿ ಹಿಡಿದಿದ್ದ ನೀರಿನ ಆಸರೆ ತಪ್ಪಿ ಕುಸಿಯುತ್ತದೆ. ಇಳಿಯುವ ಹೊಳೆ ಮೀನಿಗೆ ಒಳ್ಳೆಯದು ಎಂದ ಮೇಲೆ ಈ ಒಂದು ಅಪಾಯವನ್ನು ಹೇಳದೆ ಬಿಡುವಂತಿಲ್ಲ. ಕಾಲಿನಲ್ಲಿ ಗಾಯವಿದ್ದವರು ನೆರೆಯ ನೀರಿಗೆ ಇಳಿದು ಬಂದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ, ಇಲಿಜ್ವರದ ಸಾಧ್ಯತೆಯಿರುವುದರಿಂದ ಹೊಳೆಗಿಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಮಲೆನಾಡಿನ ಹೊಳೆಗಳು ಮಘೆ, ಹುಬ್ಬೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ, ನಿಧಾನವಾಗಿ ತಿಳಿಯಾಗುತ್ತವೆ. ಬಯಲುಸೀಮೆಯ ಕೆರೆಗಳಿಗೆ ಹೊಸ ನೀರು ಬರುವುದು ಹಲವೆಡೆ ಅದಕ್ಕೂ ತಡವಾಗಿ, ಚಿತ್ತೆ ಮತ್ತು ಸ್ವಾತಿ ಮಳೆಗಳಲ್ಲಿ. ಈ ಮಳೆಗಳು ಮಧ್ಯಾಹ್ನ ಕಟ್ಟಿ ಸಂಜೆ ಸಿಡಿಲಿನೊಡನೆ ಸುರಿಯುವಂಥವು. ಬಯಲಿನ ಕೆರೆ ಏರಿಯ ಮೇಲೆ ಕಾರ್ಬನ್ ಫೈಬರಿನ ಉದ್ದನೆಯ ಗಾಳದ ಕೋಲು ಎತ್ತಿ ನಿಂತವನೇ ಸುತ್ತಲಿನ ಅತಿ ಎತ್ತರದ ವಸ್ತು; ಆ ಕೋಲು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪಬಹುದಾದ ದೂರದಲ್ಲಿದ್ದೇವೆಂದೇ ತಿಳಿದು, ಕೋಲನ್ನು ನೆಲದ ಮೇಲೆ ಮಲಗಿಸಿ, ಒಂಟಿ ಮರದ ಬುಡಕ್ಕೆ ಹೋಗದೆ ಊರಿನ ಕಡೆಯ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಕೆರೆಗೆ ಬರಬಹುದು. ಅಷ್ಟರಲ್ಲಿ ಹಳ್ಳದ ಬಾಯಿಯಲ್ಲಿ ಹೊಸ ನೀರು ಕಾಣಿಸಿಕೊಂಡಿರುತ್ತದೆ.